ಅತ್ತೆ ಫಾರಂ

ಸಮೀಕ್ಷೆಯ ಟ್ಯಾಬಿನಲ್ಲಿದ್ದ ಒಂದು ಪ್ರಶ್ನೆ ಉತ್ತರ ಕೊಡುವ ಹೆಂಗಸಿಗಲ್ಲ, ನನಗೇ ಇತ್ತು: ‘ಸಂದರ್ಶನದ ವೇಳೆ ಹತ್ತು ವರ್ಷ ಮೇಲ್ಪಟ್ಟ ಬೇರೆ ಯಾರಾದರೂ ಕೇಳಿಸುವಷ್ಟು ಹತ್ತಿರ ಇದ್ದರೇ?’ ಹೌದು ಎಂದು ಒತ್ತಿದರೆ ಮುಕ್ಕಾಲು ಗಂಟೆಯ ಕೆಲಸ ಕೆಂಪು ಬಣ್ಣಕ್ಕೆ ತಿರುಗಿ ರದ್ದಾಗುತ್ತಿತ್ತು. ಮೊದಲ ವಾರ ನಾನು ಮತ್ತು ನನ್ನ ಜೊತೆಗಾತಿ ಮಾಡಿದ ಸಂದರ್ಶನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪಾದವು. ಬಹುತೇಕ ಎಲ್ಲದಕ್ಕೂ ಕಾರಣ ಒಬ್ಬರೇ. ಅತ್ತೆ.

ಸಮೀಕ್ಷೆ ಮದುವೆಯಾದ ಹೆಂಗಸರದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕು ನಮ್ಮ ತಂಡಕ್ಕೆ ಬಂದಿದ್ದವು. ಮನೆಯಲ್ಲಿರುವ ಹೆಂಗಸರ ಹೆಸರನ್ನೆಲ್ಲ ಟ್ಯಾಬಿಗೆ ಹಾಕಿದರೆ ಅದು ಚೀಟಿ ಎತ್ತಿದಂತೆ ಒಬ್ಬರನ್ನು ಆರಿಸುತ್ತಿತ್ತು. ಐವತ್ತು ದಾಟಿದವರ ಹೆಸರನ್ನು ಅದು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಪ್ರಶ್ನೆಗಳಲ್ಲಿ ಮೂರು ಭಾಗ: ಓಟು ಮತ್ತು ಪಕ್ಷ, ಮನೆಯೊಳಗೆ ಯಾರ ಮಾತು ನಡೆಯುತ್ತದೆ, ಕೊನೆಗೆ ಗಂಡನೋ ಹೆಂಡತಿಯೋ ಬೇರೆಯವರ ಜೊತೆ ಸಂಬಂಧ ಇಟ್ಟುಕೊಂಡರೆ ಏನನ್ನಿಸುತ್ತದೆ ಎಂಬುದು. ನಾನು ಸಿಂಧನೂರಿನವಳು, ನಲವತ್ತು ದಾಟಿ ನಾಲ್ಕು ವರ್ಷವಾಗಿದೆ. ಜೊತೆಗಾತಿ ಲಿಂಗಸುಗೂರಿನ ಹುಡುಗಿ, ಆಗತಾನೇ ಓದು ಮುಗಿಸಿದವಳು. ನಮ್ಮ ಮೇಲೊಬ್ಬ ಮೇಲ್ವಿಚಾರಕ, ಹಗಲೆಲ್ಲ ಕಾರಿನಲ್ಲಿ ಮೂರು ತಾಲ್ಲೂಕು ಸುತ್ತುವವನು, ಒಂದು ಕಣ್ಣು ಯಾವಾಗಲೂ ಕೆಂಪು ಸಾಲುಗಳ ಮೇಲೆ.

ಲಿಂಗಸುಗೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮೂರು ದಿನ ತರಬೇತಿ ಆಗಿತ್ತು. ಪ್ರಶ್ನೆಯ ಒಂದಕ್ಷರವನ್ನೂ ಬದಲಿಸಬಾರದು ಎಂದು ಅಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ಗೊರೇಬಾಳದ ಹತ್ತಿರ ಬದುವಿನ ಮೇಲೆ ಕೂತು, ನಾಟಿಯಿಂದ ಎದ್ದು ಬಂದ ಹೆಂಗಸೊಬ್ಬಳಿಗೆ ನಾನು ‘ವಿವಾಹೇತರ ಸಂಬಂಧ’ ಎಂದು ಓದಿದೆ. ಅದು ಯಾವ ಸ್ಕೀಮು ಎಂದು ಆಕೆ ಕೇಳಿದಳು. ಅದೇ ಸಂಜೆ ಫೋನ್ ಮಾಡಿ, ‘ಇನ್ನೊಬ್ಬಾಕಿನ್ನ ಇಟ್ಕೊಂಡ್ರ’ ಎಂದು ಕೇಳಲು ಅನುಮತಿ ಪಡೆದೆವು. ಆಮೇಲೆ ಯಾರೂ ಸ್ಕೀಮಿನ ಬಗ್ಗೆ ಕೇಳಲಿಲ್ಲ.

ಒಬ್ಬೊಬ್ಬರೇ ಸಿಕ್ಕಾಗ ಹೆಂಗಸರು ಮಾತಾಡುತ್ತಾರೆ. ಅದು ನನಗೆ ಗೊತ್ತಿದ್ದದ್ದೇ. ಆದರೆ ಇಷ್ಟು ಬೇರೆಬೇರೆಯಾಗಿ ಮಾತಾಡುತ್ತಾರೆಂದು ಗೊತ್ತಿರಲಿಲ್ಲ. ಸಿಂಧನೂರಿನ ಬಟ್ಟೆ ಅಂಗಡಿಯ ಮನೆಯೊಡತಿ, ಹಣೆ ತುಂಬ ವಿಭೂತಿ ಹಚ್ಚಿದವಳು, ಗಂಡ ಫೋನಿಗೆ ಬೀಗ ಹಾಕಿದ ದಿನವೇ ಮದುವೆ ಮುಗಿದಂತೆ ಎಂದಳು. ಅವಳದೇ ಓಣಿಯ ಇನ್ನೊಬ್ಬಳು, ಗಂಡ ಹೊರಗೆ ಎಲ್ಲಿಗಾದರೂ ಹೋಗಲಿ, ಮಕ್ಕಳ ಶಾಲೆಗೆ ತಪ್ಪದೆ ಹೋದರೆ ಸಾಕು ಎಂದಳು. ಲಿಂಗಸುಗೂರಿನ ನರ್ಸ್ ಒಬ್ಬಳು, ತಪ್ಪು ಗಂಡನದಾದರೂ ಅಷ್ಟೇ ತನ್ನದಾದರೂ ಅಷ್ಟೇ, ಒಂದೇ ಕಾಯ್ದೆ ಇರಬೇಕು ಎಂದಳು. ಮಸ್ಕಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಹೆಂಗಸು, ನನ್ನ ಗಂಡ ಬೇರೆಯವಳ ಹಿಂದೆ ಹೋಗಿದ್ದನ್ನು ಮರೆತರೂ ಮರೆತೇನು, ದೇವರ ಮುಂದೆ ಒಂದು ಪಕ್ಷಕ್ಕೆ ಮಾತು ಕೊಟ್ಟು ಚುನಾವಣೆ ಹಿಂದಿನ ದಿನ ಇನ್ನೊಂದಕ್ಕೆ ಹಾರಿದ್ದನ್ನು ಮರೆಯಲಾರೆ ಎಂದಳು. ಅದನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ತಿಳಿಯದೆ ಜೊತೆಗಾತಿ ನನ್ನ ಮುಖ ನೋಡಿದಳು. ಓಟಿನ ವಿಷಯಕ್ಕೆ ಬಂದರೆ, ಮನೆಯಲ್ಲಿ ಗಂಡ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಮತಗಟ್ಟೆಯೊಳಗೆ ಬೇರೆ ಗುಂಡಿ ಒತ್ತಿ ಬರುವವರು ಎಷ್ಟು ಜನವೆಂದರೆ, ಆ ಗಂಡಂದಿರ ಬಗ್ಗೆ ನನಗೆ ಸ್ವಲ್ಪ ಅಯ್ಯೋ ಅನ್ನಿಸಿತು.

ಆದರೆ ಇದೆಲ್ಲ ಒಬ್ಬೊಬ್ಬರೇ ಸಿಕ್ಕಾಗಿನ ಮಾತು. ಹಳ್ಳಿಯ ಮನೆಗಳಲ್ಲಿ ಸೊಸೆ ಟ್ಯಾಬಿನ ಮುಂದೆ ಕೂತರೆ ಅತ್ತೆ ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಸ್ವಲ್ಪ ಹೊತ್ತು ಆ ಕಡೆ ಹೋಗಿರಿ ಎಂದರೆ ಅನುಮಾನ ಎರಡರಷ್ಟಾಗುತ್ತಿತ್ತು. ‘ನಾ ಕೇಳಬಾರದ್ದು ಏನೈತ್ರೀ ಅದರಾಗ?’ ಎಂಬ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಹತ್ತನೇ ದಿನ ಮೇಲ್ವಿಚಾರಕ ಫೋನ್ ಮಾಡಿ, ಹೀಗೇ ಆದರೆ ನಿಮ್ಮ ತಂಡವನ್ನು ತೆಗೆದು ಕಲಬುರಗಿಯಿಂದ ಬೇರೆಯವರನ್ನು ಕರೆಸಬೇಕಾಗುತ್ತದೆ ಎಂದ. ನನಗೆ ಸಿಟ್ಟು ಬಂತು. ಈ ಭಾಗದ ಹೆಂಗಸರ ಜೊತೆ ಮಾತಾಡಲು ನನಗೆ ಬರುವುದಿಲ್ಲ ಎಂದು ಯಾರಿಂದಲೂ ಅನ್ನಿಸಿಕೊಳ್ಳುವವಳಲ್ಲ ನಾನು.

ಆ ಸಿಟ್ಟಿನಲ್ಲೇ ಉಪಾಯ ಹೊಳೆಯಿತು. ಅತ್ತೆಯನ್ನು ಎಬ್ಬಿಸಬೇಕಾದರೆ ಅವಳಿಗೂ ಒಂದು ಫಾರಂ ಇರಬೇಕು. ಸಿಂಧನೂರು ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದೆ. ಮೇಲೆ ದಪ್ಪಕ್ಷರದಲ್ಲಿ ‘ಹಿರಿಯ ಮಹಿಳೆಯರ ಅನುಭವ ಸಮೀಕ್ಷೆ’. ಕೆಳಗೆ ಹನ್ನೆರಡು ಪ್ರಶ್ನೆ. ಈ ಮನೆಗೆ ಬಂದಾಗ ನಿಮಗೆ ಎಷ್ಟು ವಯಸ್ಸು, ದಿನಕ್ಕೆ ಎಷ್ಟು ಮಂದಿಗೆ ರೊಟ್ಟಿ ಬಡಿಯುತ್ತಿದ್ದಿರಿ, ನೀರು ಎಲ್ಲಿಂದ ತರುತ್ತಿದ್ದಿರಿ, ಮೊದಲ ಓಟು ಯಾರ ಮಾತಿಗೆ ಹಾಕಿದಿರಿ, ಯಾವುದಾದರೂ ಹುದ್ದೆಯಲ್ಲಿ ಇದ್ದಿರಾ, ನಿಮ್ಮ ಕಾಲದಲ್ಲಿ ಗಂಡಸು ಇನ್ನೊಬ್ಬಳನ್ನು ಇಟ್ಟುಕೊಂಡರೆ ಹೆಂಡತಿ ಏನು ಮಾಡುತ್ತಿದ್ದಳು, ಹೀಗೆ. ಮುಕ್ಕಾಲು ಗಂಟೆ ತುಂಬಬೇಕು, ಅಷ್ಟೇ ಲೆಕ್ಕ. ಅದಕ್ಕೆ ಸಹಿಯ ಜಾಗ ಇಡಲಿಲ್ಲ, ಸಮೀಕ್ಷೆ ನಡೆಸುವ ಸಂಸ್ಥೆಯ ಹೆಸರನ್ನೂ ಹಾಕಲಿಲ್ಲ. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕಳು ಎಂದುಕೊಂಡೆ. ಜೊತೆಗಾತಿ ಅದಕ್ಕೆ ಅತ್ತೆ ಫಾರಂ ಎಂದು ಹೆಸರಿಟ್ಟಳು.

ವಿಧಾನ ಹೀಗಿತ್ತು. ಮನೆಗೆ ಹೋದ ಕೂಡಲೇ ನಾನು ಅತ್ತೆಯನ್ನು ಹುಡುಕಿ, ಅವ್ವಾ, ನಿಮ್ಮದೇ ಬೇರೆ ಫಾರಂ ಐತ್ರೀ, ದೊಡ್ಡವರದು, ಎಂದು ಹಿತ್ತಿಲಿಗೋ ಕೊಟ್ಟಿಗೆಗೋ ಕರೆದುಕೊಂಡು ಹೋಗುವುದು. ಅಷ್ಟರಲ್ಲಿ ಜೊತೆಗಾತಿ ಸೊಸೆಯನ್ನು ಅಡುಗೆಮನೆಯಲ್ಲಿ ಕೂರಿಸಿ ಟ್ಯಾಬ್ ತೆಗೆಯುವುದು. ಅವಳು ಮುಗಿಸಿ ಬಾಗಿಲಿಗೆ ಬಂದು ಕೆಮ್ಮಿದರೆ ನಾನು ಎಷ್ಟನೆಯ ಪ್ರಶ್ನೆಯಲ್ಲಿದ್ದರೂ ಅಲ್ಲಿಗೇ ನಿಲ್ಲಿಸಿ ನಮಸ್ಕಾರ ಹೇಳುವುದು. ಮುಕ್ಕುಂದದಲ್ಲಿ ಮೊದಲ ದಿನವೇ ಐದಕ್ಕೆ ಐದೂ ಹಸಿರಾದವು. ಮೇಲ್ವಿಚಾರಕ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಏನು ಮಾಡಿದಿರಿ ಎಂದು ಆತ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೊದಮೊದಲು ಅತ್ತೆಯರ ಮಾತನ್ನು ಬರೆದಂತೆ ಮಾಡುತ್ತಿದ್ದೆ. ಕಾಗದದ ಮೇಲೆ ಸುಮ್ಮನೆ ಗೀಟು ಎಳೆಯುತ್ತಿದ್ದೆ. ನಾಲ್ಕೈದು ಮನೆ ಆದ ಮೇಲೆ ನಿಜವಾಗಿಯೇ ಬರೆಯತೊಡಗಿದೆ. ಏಕೆಂದರೆ ಸೊಸೆಯರು ಯೋಚಿಸಿ, ಅಳೆದು ಉತ್ತರ ಕೊಡುತ್ತಿದ್ದರು. ಅತ್ತೆಯರಿಗೆ ಅಳೆಯುವ ಹಂಗು ಇರಲಿಲ್ಲ. ಒಬ್ಬಳು, ನನ್ನ ಗಂಡ ಹೊರಗೆ ಹೋಗುತ್ತಿದ್ದ ದಿನ ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ ಎಂದಳು. ಇನ್ನೊಬ್ಬಳು, ಬೇರೊಬ್ಬನ ಹಿಂದೆ ಹೋದ ತನ್ನ ವಾರಗಿತ್ತಿಗೆ ಊರೆಲ್ಲ ಉಗಿದಾಗ ತಾನೂ ಉಗಿದಿದ್ದನ್ನು ಹೇಳಿದಳು. ನನ್ನ ಅತ್ತೆ ತೀರಿಕೊಂಡು ಆರು ವರ್ಷವಾಗಿದೆ. ಆಕೆಯ ಜೊತೆ ಹದಿನೇಳು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆ. ಇಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆ ಹಿತ್ತಿಲುಗಳಲ್ಲಿ ಕೂತಾಗ ನೆನಪಾಗುತ್ತಿತ್ತು, ಬೇಸರವೂ ಆಗುತ್ತಿತ್ತು. ಬರೆದ ಕಾಗದಗಳನ್ನು ಮಾತ್ರ ಬ್ಯಾಗಿನ ತಳಕ್ಕೆ ತುರುಕಿ ಮರೆತುಬಿಡುತ್ತಿದ್ದೆ.

ಮೂರನೇ ವಾರ ದಢೇಸುಗೂರಿನ ಕಡೆಯ ಒಂದು ಊರಿಗೆ ಹೋದೆವು. ಊರಿನ ಹೆಸರು ಬೇಡ. ಕಾಲುವೆ ನೀರು ಬಂದು ಸುತ್ತಲೂ ನಾಟಿ ನಡೆದಿತ್ತು. ನಮಗೆ ಬಂದ ಮನೆಯ ಕಟ್ಟೆಯ ಮೇಲೆ ಎಪ್ಪತ್ತರ ಆಸುಪಾಸಿನ ಯಜಮಾನ ಕೂತಿದ್ದ, ಪಕ್ಕದಲ್ಲಿ ಊರುಗೋಲು. ನಮ್ಮ ಕೆಲಸ ಕೇಳಿ, ನಮ್ಮ ಮನೆಯಲ್ಲೇ ಒಬ್ಬ ಪಂಚಾಯ್ತಿ ಮೆಂಬರ್ ಇದ್ದಳು, ರಾಜಕೀಯ ನಮಗೇನು ಹೊಸದಲ್ಲ, ಕೇಳುವುದಿದ್ದರೆ ನನ್ನನ್ನೇ ಕೇಳಿ ಎಂದ. ಸೊಸೆ ಒಳಗಿಂದ ಬಂದು ನೀರು ಕೊಟ್ಟಳು. ಮೂವತ್ತೈದರ ಚುರುಕಿನ ಹೆಂಗಸು. ಮೆಂಬರ್ ಯಾರಾಗಿದ್ದರು ಎಂದು ನಾನು ಕೇಳಿದ್ದಕ್ಕೆ ನಕ್ಕಳು.

“ನಮ್ಮತ್ತಿರೀ. ಮಾವ ಎತ್ತು ಅಂದ್ರ ಕೈ ಎತ್ತಾಕಿ, ಇಳಸು ಅಂದ್ರ ಇಳಸಾಕಿ. ಮಾವ ಇಟ್ಕೊಂಡಾಕಿಗೂ ಮನಿ ಹಾಕಿಸಿಕೊಟ್ಟಾಳ ಅಂತ ಇನ್ನೂ ಊರಾಗ ಆಡಕೋತಾರ.”

ಕಟ್ಟೆಯ ಮೇಲಿದ್ದ ಮಾವ ಅದನ್ನು ಕೇಳಿ ಮೀಸೆಯಲ್ಲೇ ನಕ್ಕ. ಅತ್ತೆ ಬಾಗಿಲ ಹಿಂದೆ ನಿಂತಿದ್ದಳೆಂದು ನನಗೆ ಆಗ ಗೊತ್ತಾಯಿತು. ತೆಳ್ಳಗಿನ, ಎತ್ತರದ ಮುದುಕಿ. ಮುಖದಲ್ಲಿ ಏನೂ ಕಾಣಲಿಲ್ಲ. ಎಷ್ಟು ಸಲ ಕೇಳಿದ ಮಾತೋ ಅದು.

ಎಂದಿನಂತೆ ಅವಳನ್ನು ಹಿತ್ತಿಲಿಗೆ ಕರೆದೊಯ್ದೆ. ಎಮ್ಮೆಯ ಪಕ್ಕ ಎರಡು ಗೋಣಿಚೀಲ ಹಾಸಿ ಕೂತೆವು. ರೊಟ್ಟಿ, ನೀರು, ಮೊದಲ ಓಟು ಎಲ್ಲಕ್ಕೂ ಒಂದೊಂದೇ ಮಾತಿನ ಉತ್ತರ ಕೊಟ್ಟಳು. ಹುದ್ದೆಯ ಪ್ರಶ್ನೆಗೆ ಬಂದಾಗ, ಈ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಮೇಲಕ್ಕೆ ಹೋಗುತ್ತದೆ ಎಂದೆ. ಎಲ್ಲ ಅತ್ತೆಯರಿಗೂ ಹೇಳುತ್ತಿದ್ದ ಸುಳ್ಳು ಅದು, ನಾಲಿಗೆಗೆ ರೂಢಿಯಾಗಿತ್ತು. ಅವರು ಓದುತ್ತಾರಾ ಎಂದಳು. ಓದುತ್ತಾರೆ ಎಂದೆ. ಹಾಗಾದರೆ ಬರೆದುಕೋ ಎಂದಳು.

ಅವಳು ಹೇಳಿದ್ದು ಇಷ್ಟು. ಇಪ್ಪತ್ತು ವರ್ಷದ ಹಿಂದೆ ಆ ಊರಿನ ಸೀಟು ಹೆಂಗಸರಿಗೆ ಮೀಸಲಾಗಿ ಬಂತು. ಗಂಡ ಇವಳ ಹೆಸರಿನಲ್ಲಿ ಅರ್ಜಿ ಹಾಕಿಸಿ ಗೆಲ್ಲಿಸಿದ. ಸೀಲು ಅವನ ಜೇಬಿನಲ್ಲೇ ಇರುತ್ತಿತ್ತು. ಮೀಟಿಂಗಿಗೆ ಅವನೇ ಹೋಗುತ್ತಿದ್ದ, ಇವಳು ಬೇಕೇ ಬೇಕೆಂದಾಗ ಹಿಂದೆ ಹೋಗಿ ಕೂರುತ್ತಿದ್ದಳು. ಅದೇ ಕಾಲದಲ್ಲಿ ಅವನು ಊರ ಹೊರಗಿನ ಶೆಡ್ಡಿನಲ್ಲಿದ್ದ ಒಬ್ಬ ವಿಧವೆಯ ಹತ್ತಿರ ಹೋಗುತ್ತಿದ್ದ. ಆ ಶೆಡ್ಡಿಗೆ ಬಾಗಿಲಿರಲಿಲ್ಲ, ಗೋಣಿಚೀಲದ ಪರದೆ. ಒಂದು ದಿನ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಇಬ್ಬರೂ ಎದುರುಬದುರಾದರು. ಇವಳು ಬಯ್ಯಲೆಂದೇ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವಳು ತಲೆ ತಗ್ಗಿಸಿ ಒಂದೇ ಮಾತು ಹೇಳಿದಳು, ಅಕ್ಕಾ, ನನಗೆ ಒಂದು ಬಾಗಿಲಿದ್ದರೆ ಸಾಕಿತ್ತು ಎಂದು. ಅವರಿಬ್ಬರ ನಡುವೆ ನಡೆದ ಮಾತು ಜೀವಮಾನದಲ್ಲಿ ಅಷ್ಟೇ.

ಮುಂದಿನ ಮೀಟಿಂಗಿನಲ್ಲಿ ಸರಕಾರದ ಮನೆ ಹಂಚುವ ವಿಷಯ ಬಂತು, ಮೆಂಬರುಗಳೇ ಕೈ ಎತ್ತಿ ಆರಿಸಬೇಕಿತ್ತು. ಉಳಿದದ್ದು ಒಂದೇ ಮನೆ, ಹೆಸರು ಎರಡು. ಒಂದು ಆ ವಿಧವೆಯದು, ಇನ್ನೊಂದು ಗಂಡನ ದೊಡ್ಡಪ್ಪನ ಮಗನದು. ತನ್ನ ದೊಡ್ಡಪ್ಪನ ಮಗನಿಗೆ ಕೈ ಎತ್ತು, ಆ ಹೆಂಗಸಿಗೆ ಬೇಡ ಎಂದು ಗಂಡ ಬಾಗಿಲಲ್ಲೇ ಹೇಳಿ ಕಳಿಸಿದ್ದ. ಇವಳು ಆ ಹೆಂಗಸಿಗೇ ಎತ್ತಿದಳು. ಒಂದು ಕೈ ಹೆಚ್ಚಾಗಿ ಮನೆ ಅವಳದಾಯಿತು.

“ಮನಿ ಆತು, ಬಾಗಲಾ ಬಂತು, ಬಾಗಲಕ್ಕ ಒಳಗಿಂದ ಚಿಲಕ ಬಂತು,” ಎಂದಳು. “ಮೂರು ತಿಂಗಳಿಗೆ ಇವಾ ಅಲ್ಲಿಗೆ ಹೋಗೋದು ನಿಂತು ಹೋತು. ಅಕಿ ಮ್ಯಾಲೆ ನನಗೇನು ಪ್ರೀತಿ ಇರಲಿಲ್ಲ ಯವ್ವಾ. ಆದ್ರ ಬಾಗಲಾ ಬೇಕಂದಾಕಿಗೆ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ.”

ಮತ್ತೆ ಊರಿನವರು ಏಕೆ ಹಾಗೆ ಹೇಳುತ್ತಾರೆ ಎಂದು ಕೇಳಿದೆ. ಮೀಟಿಂಗ್ ಮುಗಿದ ದಿನ ಸಂಜೆಯೇ ಗಂಡ ಹೋಟೆಲಿನ ಮುಂದೆ ಕೂತು, ನಾನೇ ಎತ್ತಲು ಹೇಳಿದ್ದೆ ಎಂದುಬಿಟ್ಟನಂತೆ. ಹೆಂಡತಿ ಮಾತು ಮೀರಿದಳು ಅನ್ನಿಸಿಕೊಳ್ಳುವುದಕ್ಕಿಂತ, ಇಟ್ಟುಕೊಂಡವಳಿಗೆ ಹೆಂಡತಿಯ ಕೈಯಿಂದಲೇ ಮನೆ ಕೊಡಿಸಿದ ಗಂಡಸು ಅನ್ನಿಸಿಕೊಳ್ಳುವುದು ಅವನಿಗೆ ಮೇಲೆನಿಸಿತು. ಊರು ನಂಬಿತು, ನಕ್ಕಿತು. ಆ ವಿಧವೆ ತೀರಿಕೊಂಡು ಈಗ ಐದು ವರ್ಷ. ಅವಳ ಹಿಂದೆ ಯಾರೂ ಇಲ್ಲ.

“ಬಾಯಿಮಾತಿನಾಗ ಅವಾ ಮೊದಲಾದ. ಆಮ್ಯಾಲೆ ನಾ ಏನಂದ್ರೂ ಹೊಟ್ಟಿಕಿಚ್ಚಿಗೆ ಅಂತಾಳ ಅಂತಿದ್ರು. ಈಗ ನನ್ನ ಸೊಸೀನೂ ಹಂಗ ಅಂತಾಳ, ನೀ ಕೇಳಿದೆಲ್ಲ. ನನ್ನ ಮಾತು ಕಾಗದದಾಗ ಇರಲಿ.”

ಬರೆದದ್ದನ್ನು ಓದಿ ಹೇಳು ಎಂದಳು. ಓದಿದೆ. ಗಂಡನ ಮಾತಿಗೆ ವಿರುದ್ಧವಾಗಿ ಕೈ ಎತ್ತಿದೆ ಎಂದು ನಾನು ಬರೆದಿದ್ದೆ. ಅದನ್ನು ಹೊಡೆದುಹಾಕು, ನನ್ನ ಇಚ್ಛೆಯಿಂದ ಎತ್ತಿದೆ ಎಂದು ಬರಿ ಎಂದಳು. ತಿದ್ದಿದೆ. ಆಮೇಲೆ ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದಳು. ಮೆಂಬರ್ ಆದಾಗ ಹಟ ಹಿಡಿದು ಸಹಿ ಕಲಿತಿದ್ದಳಂತೆ, ಹಾಕುವ ಸಂದರ್ಭ ಬಂದದ್ದು ಕಡಿಮೆ. ಇದಕ್ಕೆ ಸಹಿ ಬೇಕಿಲ್ಲ ಎಂದೆ. ಸಹಿ ಇಲ್ಲದೆ ಇದು ಎಂಥ ಸರಕಾರಿ ಕಾಗದ ಎಂದು ಅವಳು ಕಾಗದವನ್ನು ತಿರುಗಿಸಿ ನೋಡಿದಳು. ಆಗಲೇ ಬಾಗಿಲಲ್ಲಿ ಜೊತೆಗಾತಿ ಕೆಮ್ಮಿದಳು. ನಾನು ಕಾಗದ ತೆಗೆದುಕೊಂಡು ಎದ್ದು ನಮಸ್ಕಾರ ಹೇಳಿ ಹೊರಟೆ.

ಬಸ್ಸಿನಲ್ಲಿ ಕೂತ ಮೇಲೂ ಆ ಕಾಗದವನ್ನು ಬ್ಯಾಗಿನ ತಳಕ್ಕೆ ಹಾಕಲು ಮನಸ್ಸಾಗಲಿಲ್ಲ. ಮಡಚಿ ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿಟ್ಟೆ.

ನಾಲ್ಕು ದಿನದ ಮೇಲೆ ಮಸ್ಕಿಯಲ್ಲಿ ನಮ್ಮ ಸಾಮಾನು ತಪಾಸಣೆ ಇತ್ತು. ಮೇಲ್ವಿಚಾರಕ ಟ್ಯಾಬು, ಚಾರ್ಜರು, ಒಪ್ಪಿಗೆ ಪತ್ರಗಳನ್ನೆಲ್ಲ ಟೇಬಲ್ಲಿನ ಮೇಲೆ ಇಡಲು ಹೇಳಿದ. ಬ್ಯಾಗು ಬಗ್ಗಿಸಿದಾಗ ಅತ್ತೆ ಫಾರಮ್ಮಿನ ಕಟ್ಟು ಹೊರಗೆ ಬಿತ್ತು. ಅವನು ಒಂದೊಂದಾಗಿ ತಿರುವಿ ನೋಡಿದ. ಬೈಯಲಿಲ್ಲ. ಇವರಿಂದ ಒಪ್ಪಿಗೆ ಪತ್ರ ತೆಗೆದುಕೊಂಡಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ. ಇದನ್ನು ಯಾರಿಗಾದರೂ ಕಳಿಸುತ್ತೀರಾ ಎಂದ. ಇಲ್ಲ ಎಂದೆ. ಹಾಗಾದರೆ ಈ ಹೆಂಗಸರಿಗೆ ಏನೆಂದು ಹೇಳಿದ್ದೀರಿ ಎಂದು ಕೇಳಿದ. ಅವನ ಮೇಲೆ ನನಗೆ ಹಲವು ಕಾರಣಕ್ಕೆ ಕೋಪವಿತ್ತು. ಆದರೆ ಆ ಹೊತ್ತು ಅವನು ಕೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಎಲ್ಲವನ್ನೂ ಇಲ್ಲೇ ಹರಿದುಹಾಕಿ, ಇನ್ನು ಮೇಲೆ ಅತ್ತೆಯರ ಜೊತೆ ಸುಮ್ಮನೆ ಮಾತಾಡಿ, ಕಾಗದ ತೆಗೆಯಬೇಡಿ ಎಂದ. ನಾವಿಬ್ಬರೂ ನಿಂತು ಹರಿದೆವು. ಮಲಗಿ ನೆಮ್ಮದಿ ಕಂಡವಳು, ವಾರಗಿತ್ತಿಗೆ ಉಗಿದವಳು, ಎಲ್ಲರೂ ತುಂಡಾಗಿ ಒಂದು ರಟ್ಟಿನ ಡಬ್ಬಿಯೊಳಗೆ ಬಿದ್ದರು. ನನಗೆ ನಾಚಿಕೆಯಾಯಿತು.

ಪರ್ಸಿನಲ್ಲಿ ಒಂದು ಉಳಿದಿದೆ ಎಂದು ನಾನು ಅವನಿಗೆ ಹೇಳಲಿಲ್ಲ.

ಅದೇ ಸಂಜೆ ಜೊತೆಗಾತಿಯ ಫೋನಿಗೆ ದಢೇಸುಗೂರಿನ ಕಡೆಯ ಆ ಮನೆಯ ಸೊಸೆ ಕರೆ ಮಾಡಿದ್ದಳು. ಅನುಮಾನ ಬಂದರೆ ಕೇಳಲೆಂದು ಪ್ರತಿ ಮನೆಯಲ್ಲೂ ನಮ್ಮ ನಂಬರ್ ಇರುವ ಚೀಟಿ ಕೊಟ್ಟು ಬರುವುದು ನಿಯಮ. ಅತ್ತೆ ದಿನಾಲೂ ಕೇಳುತ್ತಿದ್ದಾಳೆ, ಅವಳ ಕಾಗದ ಮೇಲಿನವರು ಓದಿದರಾ, ಓದಿ ಏನಂದರು, ನಮಗಂತೂ ಅದರಲ್ಲಿ ಏನಿದೆಯೆಂದು ಹೇಳುವುದಿಲ್ಲ ಎಂದು ನಗುತ್ತ ಹೇಳಿದಳಂತೆ. ಓದಿದರು ಎಂದು ಹೇಳಿಬಿಡಲೇ ಎಂದು ಜೊತೆಗಾತಿ ನನ್ನನ್ನು ಕೇಳಿದಳು. ಒಂದೇ ಮಾತಿನ ಕೆಲಸ ಅದು. ಮುದುಕಿಗೆ ಸಮಾಧಾನ, ನಮಗೆ ಬಿಡುಗಡೆ.

ಹೋಗಿ ನಿಜ ಹೇಳಿ ಬರುತ್ತೇನೆ ಎಂದೆ. ಜೊತೆಗಾತಿಗೆ ಸಿಟ್ಟು ಬಂತು, ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಆ ಊರಿನ ಸುತ್ತ ಇನ್ನೂ ಎರಡು ಹಳ್ಳಿ ಬಾಕಿ ಇದ್ದವು. ಮೋಸದ ಫಾರಂ ಎಂಬ ಸುದ್ದಿ ಹಬ್ಬಿದರೆ ಅಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ದೂರು ಹೋದರೆ ಆ ಊರಿನ ಹಸಿರು ಸಾಲುಗಳೆಲ್ಲ ಕೆಂಪಾಗುತ್ತವೆ, ನಾವಿಬ್ಬರೂ ಮನೆಗೆ ಹೋಗುತ್ತೇವೆ. ಅವಳಿಗೆ ಇದು ಮೊದಲ ಕೆಲಸ. ನಾನು ಯೋಚಿಸಿದೆ. ಇಪ್ಪತ್ತು ವರ್ಷ ಊರೆಲ್ಲ ಒಂದು ಸುಳ್ಳನ್ನು ಅವಳ ಹೆಸರಿನಲ್ಲಿ ಓಡಿಸಿದೆ. ಈಗ ನಾನೊಂದು ಸೇರಿಸಿದರೆ, ಅವಳು ಸಾಯುವವರೆಗೂ ಎಲ್ಲೋ ಮೇಲೆ ತನ್ನ ಮಾತು ಇದೆ ಎಂದುಕೊಂಡೇ ಇರುತ್ತಾಳೆ. ಅದು ನನಗೆ ಸಹಿಸಲಾಗದೆ ಹೋಯಿತು. ಮೇಲ್ವಿಚಾರಕನಿಗೆ ಫೋನ್ ಮಾಡಿ, ಒಂದು ಕಾಗದ ಉಳಿದಿದೆ, ಬರೆಸಿದವಳಿಗೇ ಕೊಟ್ಟು ನಿಜ ಹೇಳಿ ಬರುತ್ತೇನೆ ಎಂದೆ. ಅವನು, ಏನಾದರೂ ಆದರೆ ಜವಾಬ್ದಾರಿ ನಿಮ್ಮೊಬ್ಬರದು, ಆ ಹುಡುಗಿಯ ಹೆಸರು ಬರಬಾರದು ಎಂದ. ಆಯಿತು ಎಂದೆ.

ಮರುದಿನ ಬೆಳಿಗ್ಗೆ ಮಸ್ಕಿಯಿಂದ ಸಿಂಧನೂರಿಗೆ ಬಂದು, ಅಲ್ಲಿಂದ ಬಸ್ ಹಿಡಿದು ಒಬ್ಬಳೇ ಹೋದೆ. ಹೆಂಗಸರಿಗೆ ಫುಕಟ್, ಟಿಕೆಟ್‌ಗೆ ದುಡ್ಡಿಲ್ಲ ಎಂದು ಬಸ್ಸು ತುಂಬ ನಾಟಿಗೆ ಹೊರಟ ಹೆಂಗಸರು. ಅವರ ಮಾತುಗಳಲ್ಲಿ ನನ್ನ ಫಾರಮ್ಮಿನ ಹನ್ನೆರಡೂ ಪ್ರಶ್ನೆಗೆ ಉತ್ತರವಿತ್ತು. ಆ ದಿನ ನನಗೆ ಕೇಳುವ ಮನಸ್ಸಿರಲಿಲ್ಲ.

ಯಜಮಾನ ಎಂದಿನ ಜಾಗದಲ್ಲಿ ಕಟ್ಟೆಯ ಮೇಲಿದ್ದ. ಸೊಸೆ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅತ್ತೆ ಹೊರಗೆ ಬಂದು ನನ್ನ ಕೈ ನೋಡಿದಳು, ಏನು ತಂದಿದ್ದೇನೆ ಎಂದು. ಹಿತ್ತಿಲಿಗೆ ಹೋಗೋಣ ಎಂದೆ. ಹೋದೆವು. ನಿಂತುಕೊಂಡೇ ಹೇಳಿದೆ. ಈ ಫಾರಂ ಸರಕಾರದ್ದೂ ಅಲ್ಲ, ಸಂಸ್ಥೆಯದೂ ಅಲ್ಲ, ನಾನೇ ಬಸ್ ಸ್ಟ್ಯಾಂಡಿನಲ್ಲಿ ಮಾಡಿಸಿದ್ದು. ನಿಮ್ಮ ಸೊಸೆಯ ಜೊತೆ ಒಂಟಿಯಾಗಿ ಮಾತಾಡಬೇಕಿತ್ತು, ನಿಮ್ಮನ್ನು ದೂರ ಕೂರಿಸಲು ಇದನ್ನು ಹುಟ್ಟಿಸಿದೆ. ಇದು ಎಲ್ಲಿಗೂ ಹೋಗಿಲ್ಲ, ಯಾರೂ ಓದಿಲ್ಲ. ತಪ್ಪಾಯಿತು.

ಅವಳು ಎಮ್ಮೆಯ ಮುಂದಿನ ಹುಲ್ಲನ್ನು ಕಾಲಿನಿಂದ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೀನೂ ಅವನಂಗ ಮಾಡಿದಿ ನೋಡು. ನನ್ನ ಹೆಸರು ಹಾಕ್ಕೊಂಡು ನಿನ್ನ ಕೆಲಸ ಮಾಡ್ಕೊಂಡಿ.”

ಹೌದ್ರೀ ಅವ್ವಾ ಎಂದೆ. ಪರ್ಸಿನಿಂದ ಕಾಗದ ತೆಗೆದು ಕೊಟ್ಟೆ. ಉಳಿದವರದನ್ನು ಹರಿದದ್ದು, ಇವಳದನ್ನು ಮಾತ್ರ ಇಟ್ಟುಕೊಂಡದ್ದು, ಎರಡನ್ನೂ ಹೇಳಿದೆ. ನಂದೊಂದನ್ನೇ ಯಾಕೆ ಉಳಿಸಿದೆ ಎಂದು ಕೇಳಿದಳು. ನೀವು ತಿದ್ದಿಸಿ ಬರೆಸಿದ್ದಿರಿ, ಅದಕ್ಕೆ ಎಂದೆ. ಅವಳು ಆ ಹೊಡೆದುಹಾಕಿದ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದಳು. ಸಹಿ ಬಿಟ್ಟರೆ ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಕಾಟು ಹೊಡೆದದ್ದು ಕಾಣುತ್ತಿತ್ತು.

ಸಿಟ್ಟು ಇಳಿದಿತ್ತೆಂದು ಹೇಳಲಾರೆ. ಅವಳು ಏನೋ ನಿರ್ಧಾರ ಮಾಡಿದ್ದಂತೂ ನಿಜ. ಕಾಗದ ಹಿಡಿದು ನನ್ನನ್ನು ಹಿಂದೆ ಬಾ ಎಂದು ಕರೆದು, ಮನೆಯೊಳಗಿಂದ ಹಾಯ್ದು ಅಂಗಳಕ್ಕೆ ಬಂದಳು. ಸೊಸೆಗೆ ಪಾತ್ರೆ ಬಿಡು, ಕೈ ತೊಳೆದುಕೋ ಎಂದಳು. ಕಾಗದವನ್ನು ನನ್ನ ಕೈಗೆ ಕೊಟ್ಟಳು.

“ಮ್ಯಾಲಿನವರು ಓದಲಿಲ್ಲ. ಮನ್ಯಾಗಿನವರರೆ ಕೇಳಲಿ. ನೀನ ಬರದೀದಿ, ನೀನ ಓದು.”

ಕಟ್ಟೆಯ ಮೇಲೆ ಗಂಡ ಇದ್ದಾನೆ ಎಂದು ನಾನು ಕಣ್ಣಿನಲ್ಲೇ ತೋರಿಸಿದೆ. ಅವಳು ಆ ಕಡೆ ತಿರುಗಿ ಸಹ ನೋಡಲಿಲ್ಲ. ನನಗೆ ಹೆದರಿಕೆಯಾಯಿತು. ತರಬೇತಿಯಲ್ಲಿ ಕಲಿಸಿದ ನಿಯಮಗಳಲ್ಲಿ ಮೊದಲನೆಯದೇ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಎದುರು ಆಡಬಾರದು ಎಂಬುದು. ಆದರೆ ಇದು ಸಮೀಕ್ಷೆ ಅಲ್ಲವೆಂದು ಈಗಷ್ಟೇ ನಾನೇ ಒಪ್ಪಿಕೊಂಡಿದ್ದೆ. ಮಾತು ಅವಳದು, ಓದು ಎಂದು ಹೇಳಿದವಳೂ ಅವಳೇ. ಓದಿದೆ. ಫಾರಂ ಓದುವ ದನಿಯಲ್ಲಿ, ಏರಿಳಿತವಿಲ್ಲದೆ, ಪ್ರಶ್ನೆಯ ನಂಬರ್ ಸಮೇತ ಓದಿದೆ. ಸೀಲು ಜೇಬಿನಲ್ಲಿದ್ದದ್ದು, ಗೋಣಿಚೀಲದ ಪರದೆ, ಕಾಲುವೆಯ ಮಾತು, ಒಂದು ಕೈ ಹೆಚ್ಚಾದದ್ದು, ಒಳಗಿನ ಚಿಲಕ, ಹೋಟೆಲಿನ ಮುಂದೆ ಗಂಡ ಹೇಳಿದ ಸುಳ್ಳು.

ಸೊಸೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದವಳು ಅರ್ಧದಲ್ಲಿ ಒರೆಸುವುದನ್ನು ಬಿಟ್ಟಳು. ಅತ್ತೆಯ ಮುಖ ನೋಡಿದಳು. ಓದು ಮುಗಿದ ಮೇಲೆ, ಇದನ್ನು ನನಗೆ ಹೇಳಬಾರದಿತ್ತಾ ಅತ್ತಿ ಎಂದು ಮೆಲ್ಲಗೆ ಕೇಳಿದಳು. ನೀ ಕೇಳಿರಲಿಲ್ಲ ಎಂದಳು ಅತ್ತೆ. ಸೊಸೆ ಒಳಗೆ ಹೋಗಿ ಮಗನ ಶಾಲೆಯ ಚೀಲದಿಂದ ಪೆನ್ನು ತಂದಳು. ಅದನ್ನು ತರಲು ಅವಳಿಗೆ ಯಾರೂ ಹೇಳಿರಲಿಲ್ಲ.

ಸಹಿಯ ಜಾಗವಿಲ್ಲದ ಆ ಕಾಗದದ ಕೆಳಗೆ ನಾನು ಒಂದು ಗೀಟು ಎಳೆದುಕೊಟ್ಟೆ. ಮುದುಕಿ ಅಂಗಳದಲ್ಲಿ ಕೂತು, ತಿಕ್ಕಿಟ್ಟ ಪರಾತವನ್ನು ಬೋರಲು ಹಾಕಿ ಅದರ ಮೇಲೆ ಕಾಗದವಿಟ್ಟು ಸಹಿ ಹಾಕಿದಳು. ನಾಲ್ಕು ಅಕ್ಷರಕ್ಕೆ ತುಂಬ ಹೊತ್ತು ತೆಗೆದುಕೊಂಡಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿ, ಬರೆದವಳು ನೀನು, ನಿನ್ನ ಹೆಸರನ್ನೂ ಹಾಕು ಎಂದಳು. ಅಷ್ಟು ದಿನ ಆ ಫಾರಮ್ಮುಗಳ ಮೇಲೆ ಎಲ್ಲಿಯೂ ಇಲ್ಲದ ನನ್ನ ಹೆಸರನ್ನು ಹಾಕಿದೆ.

ಆಗ ಕಟ್ಟೆಯ ಮೇಲಿಂದ ಯಜಮಾನ ಗಂಟಲು ಸರಿಮಾಡಿಕೊಂಡ. ಎದ್ದು ಬಂದು ಕಾಗದ ಕಸಿಯುತ್ತಾನೆಂದೇ ನಾನು ಅಂದುಕೊಂಡಿದ್ದೆ. ಅವನು ಏಳಲಿಲ್ಲ. ನಮ್ಮ ಕಡೆ ತಿರುಗಲೂ ಇಲ್ಲ. ಊರುಗೋಲಿನಿಂದ ಕಲ್ಲನ್ನು ಎರಡು ಸಲ ಕುಟ್ಟಿ, ಬೀದಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

“ನಾ ಬ್ಯಾಡ ಅಂದಿದ್ದೆ. ಖರೇ ಐತಿ.”

ಮುದುಕಿ ಗಂಡನ ಬೆನ್ನನ್ನು ಒಮ್ಮೆ ನೋಡಿ, ಕಾಗದವನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದಳು.

“ಅದನ್ನೂ ಬರಕೋ,” ಎಂದಳು.